ಶಾಲೆಯ ಬಾಗಿಲು, ಬದುಕಿನ ದಾರಿ: ಶಿಕ್ಷಣದ ಅವಕಾಶದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮಕ್ಕಳ ದಾಖಲಾತಿಗಾಗಿ ಓಡಾಡುವ ಪೋಷಕರು, ಶಾಲಾಭಿವೃದ್ಧಿ ಸಮಿತಿಯ ಸದಸ್ಯರು, ಸ್ವಯಂಸೇವಕರು ಮತ್ತು ಈ ವಿಷಯವನ್ನು ಓದುತ್ತಿರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕೆಲವು ಪ್ರಶ್ನೆಗಳು ಇಡೀ ಜಗತ್ತಿಗೆ ಸಂಬಂಧಿಸಿದವು, ಕೆಲವು ನಮ್ಮ ಬೀದಿಗೆ ಸಂಬಂಧಿಸಿದವು. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಕೆನ್ಯಾದ ಹಳ್ಳಿಯ ಮಗುವನ್ನು ಶಾಲೆಯಿಂದ ದೂರವಿಟ್ಟ ಕಾರಣಗಳಲ್ಲಿ ಹಲವು ಸರ್ಜಾಪುರ ರಸ್ತೆಯ ಲೇಬರ್ ಶೆಡ್‌ನಲ್ಲೂ ಕಾಣಸಿಗುತ್ತವೆ.

ಊರಿನಲ್ಲಿ ಶಾಲೆಯಿದ್ದರೆ ಶಿಕ್ಷಣದ ಅವಕಾಶ ಇದ್ದಂತೆಯೇ ಅಲ್ಲವೇ?

ಶಾಲೆ ಇರಲೇಬೇಕು, ಆದರೆ ಅಷ್ಟರಿಂದಲೇ ಮಗು ಶಾಲೆಗೆ ಬಂದುಬಿಡುವುದಿಲ್ಲ. ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ದಾಟಬೇಕಾದ ಹೆದ್ದಾರಿ, ಮಧ್ಯಾಹ್ನದ ಊಟ, ನೀರಿರುವ ಶೌಚಾಲಯ, ಕೈಯಲ್ಲಿ ಇಲ್ಲದ ಜನನ ಪ್ರಮಾಣಪತ್ರ, ಮನೆಯಲ್ಲಿ ನೋಡಿಕೊಳ್ಳಬೇಕಾದ ತಮ್ಮ ಅಥವಾ ತಂಗಿ, ಮೇಷ್ಟರು ಮಾತನಾಡುವ ಭಾಷೆ, ಇವುಗಳಲ್ಲಿ ಯಾವುದಾದರೂ ಒಂದು ಅಡ್ಡ ಬಂದರೂ ಮಗು ಹೊರಗುಳಿಯುತ್ತದೆ. ಬಡತನವೇ ಮೂಲ ಕಾರಣ ಎಂಬುದು ನಿಜ. ಆದರೆ ಬಡತನ ಪೂರ್ತಿಯಾಗಿ ನೀಗುವವರೆಗೆ ಕಾಯದೆ ಈ ಸಣ್ಣ ಅಡ್ಡಿಗಳನ್ನು ಒಂದೊಂದಾಗಿ ತೆಗೆದ ದೇಶಗಳೂ ರಾಜ್ಯಗಳೂ ಮಕ್ಕಳನ್ನು ತರಗತಿಗೆ ತಂದು ಕೂರಿಸಿವೆ. ಕೆಳಗಿನ ಉತ್ತರಗಳಲ್ಲಿ ಬರುವ ಉದಾಹರಣೆಗಳಲ್ಲಿ ಹೆಚ್ಚಿನವು ಇಂಥ ಕೆಲಸಕ್ಕೇ ಸೇರಿದವು.

ಜಗತ್ತಿನಲ್ಲಿ ಎಷ್ಟು ಮಕ್ಕಳು ಶಾಲೆಯಿಂದ ಹೊರಗಿದ್ದಾರೆ?

ಯುನೆಸ್ಕೊ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಮಕ್ಕಳು ಮತ್ತು ಹದಿಹರೆಯದವರು ಸೇರಿ ಸುಮಾರು 25 ಕೋಟಿ. ಇವರಲ್ಲಿ ದೊಡ್ಡ ಪಾಲು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದ ದೇಶಗಳಲ್ಲೂ ದಕ್ಷಿಣ ಏಷ್ಯಾದಲ್ಲೂ ಇದೆ. ಓದು ಬರಹ ಬಾರದ ವಯಸ್ಕರ ಸಂಖ್ಯೆ ಸುಮಾರು 75 ಕೋಟಿ, ಅವರಲ್ಲಿ ಮೂರರಲ್ಲಿ ಎರಡು ಪಾಲು ಮಹಿಳೆಯರು. ಶಿಕ್ಷಣ ಪ್ರತಿಯೊಬ್ಬರ ಹಕ್ಕೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ 26ನೇ ವಿಧಿ 1948ರಲ್ಲೇ ಹೇಳಿದ್ದನ್ನು ನೆನೆದರೆ, ಈ ಸಂಖ್ಯೆಗಳನ್ನು ಸಹಜವೆಂದು ಒಪ್ಪಿಕೊಂಡು ಮುಂದೆ ಹೋಗುವುದು ಕಷ್ಟ.

ಓದಿದ್ದರಿಂದಲೇ ಬದುಕು ಸುಧಾರಿಸಿತು ಎಂದು ಹೇಗೆ ಹೇಳಬಹುದು? ಅನುಕೂಲಸ್ಥರ ಮಕ್ಕಳೇ ಹೆಚ್ಚು ಓದುತ್ತಾರಲ್ಲವೇ?

ಇದು ಕೇಳಲೇಬೇಕಾದ ಪ್ರಶ್ನೆ. ಹೆಚ್ಚು ಓದಿದವರು ಹೆಚ್ಚು ಸಂಪಾದಿಸುತ್ತಾರೆ ಎಂದಷ್ಟೇ ತೋರಿಸಿದರೆ ಅದು ಓದಿನ ಫಲವೋ ಮನೆತನದ ಅನುಕೂಲದ ಫಲವೋ ತಿಳಿಯುವುದಿಲ್ಲ. ಆದ್ದರಿಂದ ಸಂಶೋಧಕರು, ಕುಟುಂಬದ ಅನುಕೂಲಕ್ಕೆ ಸಂಬಂಧವಿಲ್ಲದೆ, ಸರ್ಕಾರದ ಒಂದು ತೀರ್ಮಾನದಿಂದ ಓದುವ ಅವಕಾಶ ಹಠಾತ್ತನೆ ಹೆಚ್ಚಾದ ಸಂದರ್ಭಗಳನ್ನು ಹುಡುಕುತ್ತಾರೆ.

ಇಂಡೊನೇಷ್ಯಾದಲ್ಲಿ ಅಂಥ ಸಂದರ್ಭ ಒದಗಿತು. ತೈಲದಿಂದ ಬಂದ ಹಣದಲ್ಲಿ ಅಲ್ಲಿನ ಸರ್ಕಾರ 1973ರಿಂದ ಕೆಲವೇ ವರ್ಷಗಳಲ್ಲಿ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಕಟ್ಟಿಸಿತು. ಶಾಲೆಗೆ ಸೇರದ ಮಕ್ಕಳು ಎಲ್ಲಿ ಹೆಚ್ಚಿದ್ದರೋ ಅಲ್ಲಿ ಹೆಚ್ಚು ಶಾಲೆಗಳು ಬಂದವು. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಅವರು, ಶಾಲೆಗಳು ಬರುವ ಹೊತ್ತಿಗೆ ಆ ವಯಸ್ಸನ್ನು ದಾಟಿಹೋಗಿದ್ದವರನ್ನೂ ಆಗಷ್ಟೇ ಶಾಲೆಗೆ ಸೇರುವ ವಯಸ್ಸಿನಲ್ಲಿದ್ದವರನ್ನೂ, ಶಾಲೆಗಳು ಹೆಚ್ಚು ಬಂದ ಜಿಲ್ಲೆಗಳನ್ನೂ ಕಡಿಮೆ ಬಂದ ಜಿಲ್ಲೆಗಳನ್ನೂ ಹೋಲಿಸಿ 2001ರಲ್ಲಿ ಅಧ್ಯಯನ ಪ್ರಕಟಿಸಿದರು. ಸಾವಿರ ಮಕ್ಕಳಿಗೆ ಒಂದು ಹೊಸ ಶಾಲೆ ಬಂದ ಕಡೆ ಮಕ್ಕಳ ಓದಿನ ಅವಧಿ ಸರಾಸರಿ 0.12ರಿಂದ 0.19 ವರ್ಷದಷ್ಟು ಹೆಚ್ಚಿತ್ತು, ಮತ್ತು ಆ ಮಕ್ಕಳು ದೊಡ್ಡವರಾದಾಗ ಅವರ ಕೂಲಿ ಶೇ 1.5ರಿಂದ 2.7ರಷ್ಟು ಏರಿತ್ತು. ನೋಡಲು ಇದು ಸಣ್ಣ ಅಂಕಿ ಅನ್ನಿಸಬಹುದು. ಆದರೆ ಇದು ಆ ಪ್ರದೇಶದ ಎಲ್ಲ ಮಕ್ಕಳನ್ನೂ ಸೇರಿಸಿದ ಸರಾಸರಿ, ಹೊಸ ಶಾಲೆಯಿಂದಾಗಿ ಮೊದಲ ಬಾರಿಗೆ ತರಗತಿ ಕಂಡ ಮಗುವಿನ ಬದುಕಿನಲ್ಲಿ ಆದ ಬದಲಾವಣೆ ಇದಕ್ಕಿಂತ ಬಹಳ ದೊಡ್ಡದು. ಹಲವು ದೇಶಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿದ ಅಧ್ಯಯನಗಳಲ್ಲಿ ಶಾಲೆಯಲ್ಲಿ ಕಳೆದ ಪ್ರತಿ ಹೆಚ್ಚುವರಿ ವರ್ಷಕ್ಕೆ ಗಳಿಕೆ ಸರಾಸರಿ ಶೇ 9ರಷ್ಟು ಹೆಚ್ಚುವುದು ಕಂಡುಬಂದಿದೆ. ಈ ಹೆಚ್ಚಳ ಪುರುಷರಿಗಿಂತ ಮಹಿಳೆಯರಲ್ಲಿ ತುಸು ಜಾಸ್ತಿ.

ತಾಯಿ ಓದಿದ್ದರೆ ಮಗುವಿನ ಆರೋಗ್ಯಕ್ಕೆ ಏನಾದರೂ ಸಂಬಂಧವಿದೆಯೇ?

ಇದೆ, ಮತ್ತು ಈ ಪುಟದಲ್ಲಿ ನಾವು ಕೊಡುವ ಉತ್ತರಗಳಲ್ಲಿ ಬಹುಶಃ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. 1970ರಿಂದ 2009ರವರೆಗೆ 175 ದೇಶಗಳ ಮಾಹಿತಿಯನ್ನು ಪರಿಶೀಲಿಸಿ 2010ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ಈ ಅವಧಿಯಲ್ಲಿ ತಪ್ಪಿಹೋದ ಐದು ವರ್ಷದೊಳಗಿನ ಮಕ್ಕಳ ಸಾವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ, ಅಂದರೆ 42 ಲಕ್ಷದಷ್ಟಕ್ಕೆ, ಹೆಣ್ಣುಮಕ್ಕಳ ಓದು ಹೆಚ್ಚಿದ್ದೇ ಕಾರಣವೆಂದು ಲೆಕ್ಕ ಹಾಕಿತು. ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಿರುವುದನ್ನು ಓದಬಲ್ಲ, ಲಸಿಕೆಯ ಕಾರ್ಡಿನಲ್ಲಿ ಮುಂದಿನ ದಿನಾಂಕವನ್ನು ತಾನೇ ನೋಡಿಕೊಳ್ಳಬಲ್ಲ, ಆಸ್ಪತ್ರೆಯಲ್ಲಿ ಡಾಕ್ಟರನ್ನು ಹಿಂಜರಿಕೆಯಿಲ್ಲದೆ ಪ್ರಶ್ನಿಸಬಲ್ಲ ತಾಯಿಯ ಕೈಯಲ್ಲಿ ಮಗು ಹೆಚ್ಚು ಸುರಕ್ಷಿತವಾಗಿರುತ್ತದೆ. ಓದಿದ ಹುಡುಗಿಯ ಮದುವೆಯೂ ಮೊದಲ ಹೆರಿಗೆಯೂ ತಡವಾಗಿ ಆಗುವುದರಿಂದ ತಾಯಿಯ ಜೀವಕ್ಕಿರುವ ಅಪಾಯವೂ ತಗ್ಗುತ್ತದೆ. ಒಬ್ಬ ಹುಡುಗಿಯನ್ನು ಏಳನೇ ತರಗತಿಯ ನಂತರವೂ ಶಾಲೆಯಲ್ಲಿ ಉಳಿಸಿಕೊಂಡ ಮುಖ್ಯೋಪಾಧ್ಯಾಯಿನಿ ಇನ್ನೂ ಹುಟ್ಟದ ಮಗುವೊಂದರ ಜೀವವನ್ನೂ ಕಾಯುತ್ತಿರುತ್ತಾರೆ.

ಹೆಣ್ಣುಮಕ್ಕಳು ಪ್ರೌಢಶಾಲೆಗೆ ಬರುವ ಹೊತ್ತಿಗೆ ಓದು ನಿಲ್ಲಿಸುವುದೇಕೆ?

ಹಲವು ಕಾರಣಗಳಿವೆ, ಅವುಗಳಲ್ಲಿ ದೂರವೂ ಒಂದು. ಪ್ರಾಥಮಿಕ ಶಾಲೆ ಊರಲ್ಲೇ ಇರುತ್ತದೆ, ಪ್ರೌಢಶಾಲೆ ಪಕ್ಕದ ಊರಿನಲ್ಲಿರುತ್ತದೆ, ಮಗಳು ಒಬ್ಬಳೇ ಅಷ್ಟು ದೂರ ನಡೆದು ಹೋಗುವುದು ಬೇಡವೆಂದು ಮನೆಯವರು ತೀರ್ಮಾನಿಸುತ್ತಾರೆ. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ತಂದಾಗ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಏರಿತೆಂದೂ, ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತೆಂದೂ ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಅವರ ಅಧ್ಯಯನ ತೋರಿಸಿತು. ಶಾಲೆ ಮೂರು ಕಿಲೋಮೀಟರ್‌ಗಿಂತ ದೂರವಿದ್ದ ಹಳ್ಳಿಗಳಲ್ಲೇ ಪರಿಣಾಮ ಎದ್ದು ಕಂಡಿತು. ಕರ್ನಾಟಕದಲ್ಲೂ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ವಿತರಿಸಲಾಯಿತು. ಹಳ್ಳಿಯ ದಾರಿಯಲ್ಲಿ ಹುಡುಗಿಯರು ಗುಂಪಾಗಿ ಸೈಕಲ್ ತುಳಿದು ಹೋಗುವುದು ಮಾಮೂಲಾದ ಮೇಲೆ, ಮಗಳನ್ನು ಕಳಿಸುವುದೋ ಬೇಡವೋ ಎಂಬ ಚರ್ಚೆ ಎಷ್ಟೋ ಮನೆಗಳಲ್ಲಿ ಏಳುವುದೇ ಇಲ್ಲ.

ಬಾಂಗ್ಲಾದೇಶ ಇನ್ನೊಂದು ದಾರಿ ಹಿಡಿಯಿತು. 1994ರಿಂದ ಅಲ್ಲಿ ಗ್ರಾಮೀಣ ಪ್ರದೇಶದ ಪ್ರೌಢಶಾಲಾ ವಿದ್ಯಾರ್ಥಿನಿಯರಿಗೆ ಶುಲ್ಕ ವಿನಾಯಿತಿಯ ಜೊತೆಗೆ ವಿದ್ಯಾರ್ಥಿವೇತನವನ್ನೂ ಕೊಡಲಾಯಿತು. ಶೇ 75ರಷ್ಟು ಹಾಜರಾತಿ ಇರಬೇಕು, ನಿಗದಿತ ಅಂಕ ಪಡೆಯಬೇಕು, ಮದುವೆಯಾಗಿರಬಾರದು ಎಂಬ ಷರತ್ತುಗಳಿದ್ದವು.

ಇದಕ್ಕೆ ತದ್ವಿರುದ್ಧವಾದ ಸ್ಥಿತಿ ಅಫ್ಘಾನಿಸ್ತಾನದ್ದು. ತಾಲಿಬಾನ್ 2021ರಲ್ಲಿ ಅಧಿಕಾರಕ್ಕೆ ಮರಳಿದ ಮೇಲೆ ಆರನೇ ತರಗತಿಯ ನಂತರ ಹುಡುಗಿಯರಿಗೆ ಶಾಲೆಯ ಬಾಗಿಲು ಮುಚ್ಚಿತು, 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಮುಚ್ಚಿತು. ಅಲ್ಲಿ ಶಾಲೆಯೂ ಇದೆ, ಕಲಿಸಬಲ್ಲವರೂ ಇದ್ದಾರೆ, ಕಲಿಯುವ ಆಸೆಯಂತೂ ಇದ್ದೇ ಇದೆ. ಹುಡುಗಿಯರನ್ನು ತಡೆದಿರುವುದು ಆಳುವವರ ಆಜ್ಞೆ ಮಾತ್ರ. ಇದು ಘೋರ ಅನ್ಯಾಯವೆಂದು ಹೇಳಲು ಯಾವ ಅಧ್ಯಯನದ ಬೆಂಬಲವೂ ಬೇಕಿಲ್ಲ.

ಊಟ, ಹಾಲು, ಮೊಟ್ಟೆ ಕೊಡುವುದಕ್ಕೂ ಓದಿಗೂ ಏನು ಸಂಬಂಧ? ಶಾಲೆಯ ಕೆಲಸ ಪಾಠ ಹೇಳುವುದಲ್ಲವೇ?

ಬೆಳಿಗ್ಗೆ ಏನೂ ತಿನ್ನದೆ ಬಂದ ಮಗುವಿಗೆ ಹತ್ತೂವರೆಯ ನಂತರ ಪಾಠ ಕಿವಿಗೆ ಬೀಳುವುದಿಲ್ಲ ಎಂಬುದನ್ನು ಯಾವ ಸರ್ಕಾರಿ ಶಾಲೆಯ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ. ಫಿನ್ಲೆಂಡ್ 1948ರಿಂದಲೇ ಎಲ್ಲ ಶಾಲಾಮಕ್ಕಳಿಗೆ ಉಚಿತ ಊಟ ಕೊಡುತ್ತಿದೆ. ಯುದ್ಧದಿಂದ ಬಳಲಿದ ಬಡ ದೇಶವಾಗಿದ್ದಾಗಲೇ ಅದು ಈ ತೀರ್ಮಾನ ಮಾಡಿತು ಎಂಬುದನ್ನು ಗಮನಿಸಬೇಕು. ತಮಿಳುನಾಡು 1982ರಲ್ಲಿ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡಿತು, 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಕರ್ನಾಟಕದಲ್ಲಿ ಅದು ಅಕ್ಷರ ದಾಸೋಹವಾಯಿತು, 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು, ನಂತರ ಮೊಟ್ಟೆ ಅಥವಾ ಬಾಳೆಹಣ್ಣು ಬಂತು. ಅಕ್ಷಯ ಪಾತ್ರ ಸಂಸ್ಥೆ 2000ನೇ ಇಸವಿಯಲ್ಲಿ ಬೆಂಗಳೂರಿನ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಊಟ ಬಡಿಸುವುದರೊಂದಿಗೆ ಆರಂಭವಾಯಿತು. ವಿವಿಧ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಒಂದೇ ಅಡುಗೆಯನ್ನು ಉಣ್ಣುವುದು ನಮ್ಮ ಸಮಾಜದಲ್ಲಿ ತನ್ನಷ್ಟಕ್ಕೇ ಒಂದು ಪಾಠ, ಅದನ್ನು ಪಠ್ಯಪುಸ್ತಕದಿಂದ ಕಲಿಸಲಾಗದು.

ಆರೋಗ್ಯದ ಮಾತೂ ಹೀಗೆಯೇ. ಕೆನ್ಯಾದಲ್ಲಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಟ್ಟ ಶಾಲೆಗಳಲ್ಲಿ ಗೈರುಹಾಜರಿ ಸುಮಾರು ಕಾಲುಭಾಗ ಇಳಿದದ್ದನ್ನು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ.

ಬೆಂಗಳೂರಿನಂಥ ನಗರದಲ್ಲೂ ಶಾಲೆಗೆ ಹೋಗದ ಮಕ್ಕಳಿದ್ದಾರೆಯೇ?

ಇದ್ದಾರೆ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಸಾಕ್ಷರತೆ ಶೇ 87ಕ್ಕಿಂತ ಹೆಚ್ಚಿತ್ತು, ಇಡೀ ರಾಜ್ಯದ್ದು ಶೇ 75ರ ಆಸುಪಾಸಿನಲ್ಲಿತ್ತು. ಆದರೆ ನಗರದ ಸರಾಸರಿಯೊಳಗೆ ಕಾಣದೆ ಹೋಗುವ ಮಕ್ಕಳಿದ್ದಾರೆ. ಮಳೆಗಾಲದ ಬೆಳೆ ಮುಗಿದ ಮೇಲೆ ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಗುಳೆ ಬರುವ ಕುಟುಂಬಗಳು ಕಟ್ಟಡದ ಕೆಲಸದ ಜಾಗದಲ್ಲೇ ತಗಡಿನ ಶೆಡ್ ಹಾಕಿಕೊಂಡು ಇರುತ್ತವೆ. ಬಿಹಾರ, ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಂ ಕಡೆಯಿಂದ ಬಂದವರೂ ಇದ್ದಾರೆ. ಅವರಲ್ಲಿ ಕೆಲವರು ಚಿಂದಿ ಆಯ್ದು, ಕಸ ವಿಂಗಡಿಸಿ ಬದುಕುತ್ತಾರೆ. ಕಟ್ಟಡ ಮುಗಿದರೆ ಶೆಡ್ ಎತ್ತಬೇಕು, ಮಗುವಿನ ಶಾಲೆಯೂ ಅದರೊಂದಿಗೆ ತಪ್ಪುತ್ತದೆ. ಜೂನ್‌ನಲ್ಲಿ ಊರಿನ ಶಾಲೆಯಲ್ಲಿ ಹೆಸರು ಬರೆಸಿದ ಮಗು ನವೆಂಬರ್‌ನಲ್ಲಿ ಇಲ್ಲಿರುತ್ತದೆ. ಅಲ್ಲಿನ ಹಾಜರಿ ಪುಸ್ತಕದಲ್ಲಿ ಹೆಸರಿದ್ದರೂ ಮಗು ಯಾವ ತರಗತಿಯಲ್ಲೂ ಇರುವುದಿಲ್ಲ.

ಪೀಣ್ಯ, ಬೊಮ್ಮನಹಳ್ಳಿಗಳಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ತಾಯಂದಿರ ಮನೆಗಳಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ಚಿಕ್ಕ ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲದಾಗ ಹತ್ತು ಹನ್ನೆರಡು ವರ್ಷದ ಅಕ್ಕ ಮನೆಯಲ್ಲೇ ಉಳಿಯುತ್ತಾಳೆ. ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಡೆ ಆರು ವರ್ಷದೊಳಗಿನ ಮಕ್ಕಳಿಗಾಗಿ ಶಿಶುಪಾಲನಾ ಕೊಠಡಿ ಇರಬೇಕೆಂದು ಹೇಳಿತು. ಸಣ್ಣ ಕೆಲಸದ ಜಾಗಗಳು ಇಂಥ ನಿಯಮದ ವ್ಯಾಪ್ತಿಗೇ ಬರುವುದಿಲ್ಲ. ಅಂಗನವಾಡಿ ಸಂಜೆಯವರೆಗೂ ತೆರೆದಿದ್ದರೆ ಚಿಕ್ಕ ಮಗುವಿಗೆ ಆಗುವಷ್ಟೇ ಅನುಕೂಲ ಆ ಅಕ್ಕನ ಓದಿಗೂ ಆಗುತ್ತದೆ ಎಂಬುದು ನಮ್ಮ ದೃಢವಾದ ನಂಬಿಕೆ.

ಮಗುವಿಗೆ ಆಧಾರ್ ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ಟಿಸಿ (ವರ್ಗಾವಣೆ ಪತ್ರ) ಇಲ್ಲ, ಶೈಕ್ಷಣಿಕ ವರ್ಷವೂ ಅರ್ಧ ಮುಗಿದಿದೆ. ಶಾಲೆಗೆ ಸೇರಿಸಬಹುದೇ?

ಸೇರಿಸಬಹುದು. ಸಂವಿಧಾನಕ್ಕೆ 2002ರ 86ನೇ ತಿದ್ದುಪಡಿಯಿಂದ ಸೇರಿದ 21ಎ ವಿಧಿಯೂ, 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯೂ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕನ್ನು ಕೊಟ್ಟಿವೆ. ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. 5ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶವನ್ನು ತಡೆಯುವಂತಿಲ್ಲ. 15ನೇ ಸೆಕ್ಷನ್ ಪ್ರಕಾರ ದಾಖಲಾತಿಯ ಅವಧಿ ಮುಗಿದಿದೆ ಎಂಬ ಕಾರಣವೂ ಸಲ್ಲದು. ಆಧಾರ್ ಇಲ್ಲವೆಂದು ಮಕ್ಕಳನ್ನು ಯಾವ ಸೌಲಭ್ಯದಿಂದಲೂ ವಂಚಿಸಬಾರದೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನ ತೀರ್ಪಿನಲ್ಲಿ ಹೇಳಿದೆ.

ಹತ್ತು ವರ್ಷವಾದರೂ ಶಾಲೆಯನ್ನೇ ಕಾಣದ ಮಗುವನ್ನು ಒಂದನೇ ತರಗತಿಯಲ್ಲಿ ಕೂರಿಸಬೇಕಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದದ್ದನ್ನು ಕಲಿಸಲು ವಿಶೇಷ ತರಬೇತಿ ಕೊಡಬೇಕೆಂದು 4ನೇ ಸೆಕ್ಷನ್ ಹೇಳುತ್ತದೆ. ಹೀಗೆ ಸೇರಿದ ಮಗುವಿಗೆ 14 ವರ್ಷ ದಾಟಿದರೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತವಾಗಿ ಓದುವ ಹಕ್ಕಿದೆ. ಶಾಲೆಯಲ್ಲಿ ಯಾರಾದರೂ ದಾಖಲೆ ತಂದ ಮೇಲೆ ನೋಡೋಣ ಎಂದರೆ ಜಗಳಕ್ಕೆ ನಿಲ್ಲದೆ, ಈ ಸೆಕ್ಷನ್‌ಗಳನ್ನು ನಮೂದಿಸಿ ಮುಖ್ಯ ಶಿಕ್ಷಕರಿಗೆ ಲಿಖಿತ ಅರ್ಜಿ ಕೊಟ್ಟು ಅದರ ಸ್ವೀಕೃತಿ ಪಡೆಯುವುದು ಒಳ್ಳೆಯದು.

ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ ಮತ್ತು ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಮೀಸಲಾದ ಶೇ 25ರ ಉಚಿತ ಸೀಟು ಖಾಸಗಿ ಶಾಲೆಯಲ್ಲಿ ಈಗಲೂ ಸಿಗುತ್ತದೆಯೇ?

ಕರ್ನಾಟಕದಲ್ಲಿ ಮೊದಲಿನಂತೆ ಸಿಗುವುದಿಲ್ಲ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅನುದಾನರಹಿತ ಖಾಸಗಿ ಶಾಲೆ ಈ ಸೀಟುಗಳನ್ನು ಕೊಡಬೇಕಿಲ್ಲವೆಂದು ರಾಜ್ಯ ಸರ್ಕಾರ ನಿಯಮವನ್ನು ಬದಲಿಸಿತು, 2019ರಲ್ಲಿ ಹೈಕೋರ್ಟ್ ಆ ಬದಲಾವಣೆಯನ್ನು ಎತ್ತಿಹಿಡಿಯಿತು. ಬೆಂಗಳೂರಿನ ಹೆಚ್ಚಿನ ವಾರ್ಡುಗಳಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇರುವುದರಿಂದ ಸೀಟುಗಳ ಸಂಖ್ಯೆ ತೀರಾ ಇಳಿಯಿತು.

ನಮ್ಮ ಮಗುವಿಗೆ ಕನ್ನಡ ಬರುವುದಿಲ್ಲ. ಸರ್ಕಾರಿ ಶಾಲೆಯಲ್ಲಿ ಕಲಿಯಲು ಸಾಧ್ಯವೇ?

ಚಿಕ್ಕ ಮಕ್ಕಳು ಕೆಲವು ತಿಂಗಳಲ್ಲಿ ಆಟದ ಮೈದಾನದ ಕನ್ನಡವನ್ನು ಹಿಡಿದುಬಿಡುತ್ತಾರೆ. ಪಾಠದ ಕನ್ನಡಕ್ಕೆ ಹೆಚ್ಚು ಸಮಯ ಬೇಕು, ಅಲ್ಲಿ ಶಿಕ್ಷಕರ ತಾಳ್ಮೆಯ ಮೇಲೆ ಬಹಳಷ್ಟು ನಿಂತಿರುತ್ತದೆ. ನಗರದಲ್ಲಿ ಉರ್ದು, ತಮಿಳು, ತೆಲುಗು ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಜಗತ್ತಿನ ಜನರಲ್ಲಿ ಸುಮಾರು ಶೇ 40ರಷ್ಟು ಮಂದಿಗೆ ತಾವು ಆಡುವ ಅಥವಾ ಅರ್ಥಮಾಡಿಕೊಳ್ಳುವ ಭಾಷೆಯಲ್ಲಿ ಶಿಕ್ಷಣ ಸಿಗುವುದಿಲ್ಲವೆಂದು ಯುನೆಸ್ಕೊ ಹೇಳುತ್ತದೆ. ಇಂಗ್ಲಿಷ್ ಮಾಧ್ಯಮಕ್ಕಾಗಿ ಹಂಬಲಿಸುವ ಕನ್ನಡದ ಪೋಷಕರೂ ಈ ಮಾತನ್ನು ಗಮನಿಸಬೇಕೆಂದು ನಾವು ವಿನಂತಿಸುತ್ತೇವೆ. ಇಂಗ್ಲಿಷ್ ಕಲಿಯುವುದು ಅಗತ್ಯ, ಆದರೆ ಗಣಿತವನ್ನೂ ವಿಜ್ಞಾನವನ್ನೂ ಅರ್ಥವಾಗದ ಭಾಷೆಯಲ್ಲಿ ಬಾಯಿಪಾಠ ಮಾಡುವ ಮಗು ಎರಡನ್ನೂ ಕಳೆದುಕೊಳ್ಳುತ್ತದೆ.

ಶಾಲೆಗೆ ಹೋಗುತ್ತಿರುವ ಮಕ್ಕಳೇ ಸರಿಯಾಗಿ ಕಲಿಯುತ್ತಿಲ್ಲ. ಹಾಗಿದ್ದ ಮೇಲೆ ಬರೀ ಸೇರಿಸಿ ಪ್ರಯೋಜನವೇನು?

ಈ ಆತಂಕಕ್ಕೆ ಆಧಾರವಿದೆ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ವರ್ಷದ ಮಕ್ಕಳಲ್ಲಿ ಶೇ 70ರಷ್ಟು ಮಂದಿ ಸರಳವಾದ ಪಠ್ಯವೊಂದನ್ನು ಓದಿ ಅರ್ಥಮಾಡಿಕೊಳ್ಳಲಾರರೆಂದು ವಿಶ್ವಬ್ಯಾಂಕ್ ಮತ್ತು ಅದರ ಸಹಭಾಗಿ ಸಂಸ್ಥೆಗಳು 2022ರಲ್ಲಿ ಅಂದಾಜಿಸಿದವು. ಕೋವಿಡ್‌ಗೆ ಮುಂಚೆ ಇದು ಶೇ 57 ಇತ್ತು. 2020ರ ಏಪ್ರಿಲ್ ಹೊತ್ತಿಗೆ ಜಗತ್ತಿನಾದ್ಯಂತ ಸುಮಾರು 160 ಕೋಟಿ ವಿದ್ಯಾರ್ಥಿಗಳ ತರಗತಿಗಳು ನಿಂತಿದ್ದವು. ನಮ್ಮಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮದಂಥ ಪ್ರಯತ್ನಗಳು ನಡೆದರೂ, ಮನೆಯಲ್ಲಿ ಒಂದೇ ಮೊಬೈಲ್ ಇದ್ದು ಅದನ್ನು ಅಪ್ಪ ಕೆಲಸಕ್ಕೆ ಒಯ್ಯುತ್ತಿದ್ದ ಮಕ್ಕಳಿಗೆ ಆ ದಿನಗಳು ಹಾಗೆಯೇ ಕಳೆದುಹೋದವು. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯಲ್ಲಿ, ಎರಡನೇ ತರಗತಿಯ ಪಠ್ಯವನ್ನು ಓದಬಲ್ಲ ಮೂರನೇ ತರಗತಿಯ ಮಕ್ಕಳ ಪ್ರಮಾಣ 2018ರಲ್ಲಿ ಶೇ 27 ಇದ್ದದ್ದು 2022ರಲ್ಲಿ ಶೇ 20ರ ಆಸುಪಾಸಿಗೆ ಇಳಿದು, 2024ರಲ್ಲಿ ಮತ್ತೆ ಶೇ 27ಕ್ಕೆ ಏರಿತು. ಇಷ್ಟು ಬೇಗ ಚೇತರಿಕೆ ಸಾಧ್ಯವಾದದ್ದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರ ದುಡಿಮೆ ಇದೆ, ಅದಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಆದರೆ ಕಲಿಕೆ ಕಳಪೆಯಾಗಿದೆ ಎಂಬುದು ಮಗುವನ್ನು ಹೊರಗಿಡಲು ಕಾರಣವಾಗಲಾರದು. ಸುಧಾರಣೆಯ ದಾರಿಗಳು ಗೊತ್ತಿವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ ಕಲಿ ಎಂಬ ಕಲಿಕಾ ಕ್ರಮ, ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕೆಯ ಮೆಟ್ಟಿಲು ಹತ್ತಲು ಅವಕಾಶ ಕೊಟ್ಟಿತು. ತಿಂಗಳುಗಟ್ಟಲೆ ಗೈರಾಗಿ ಮರಳಿದ ಮಗುವೂ ತಾನು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಇದಕ್ಕಿಂತ ಹೊಂದುವ ಕ್ರಮವನ್ನು ಯೋಚಿಸುವುದು ಕಷ್ಟ.

ಓದಿದವರಿಗೇ ಕೆಲಸ ಸಿಗುತ್ತಿಲ್ಲವಲ್ಲ?

ಅಂಕಿಗಳನ್ನು ನೋಡಿದರೆ ಈ ಮಾತು ನಿಜವೆನಿಸುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಹಯೋಗದಲ್ಲಿ 2024ರಲ್ಲಿ ಬಂದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವೀಧರ ಯುವಜನರಲ್ಲಿ ನಿರುದ್ಯೋಗ ಶೇ 29ರಷ್ಟಿತ್ತು, ಓದು ಬರಹ ಬಾರದ ಯುವಜನರಲ್ಲಿ ಕೇವಲ ಶೇ 3.4. ಆದರೆ ಎರಡನೆಯ ಅಂಕಿಯನ್ನು ಸಮಾಧಾನದಿಂದ ಓದಬಾರದು. ಓದದ ಬಡವನಿಗೆ ಕೆಲಸಕ್ಕಾಗಿ ಕಾಯುವಷ್ಟು ಶಕ್ತಿಯೇ ಇರುವುದಿಲ್ಲ, ಸಿಕ್ಕಿದ ಕೂಲಿಗೆ ಅಂದೇ ಹೋಗಬೇಕಾಗುತ್ತದೆ. ಪದವೀಧರರಿಗೆ ತಕ್ಕ ಉದ್ಯೋಗ ಸೃಷ್ಟಿಯಾಗದಿರುವುದು ಆರ್ಥಿಕ ನೀತಿಯ ವೈಫಲ್ಯ, ಅದರ ಹೊಣೆಯನ್ನು ಮಕ್ಕಳ ಓದಿನ ಮೇಲೆ ಹೊರಿಸಬಾರದು. ಗುತ್ತಿಗೆದಾರ ಬರೆದ ಲೆಕ್ಕವನ್ನು ತಾನೇ ಓದಿ ತಪ್ಪು ಹಿಡಿಯಬಲ್ಲ ಕಾರ್ಮಿಕನ ಸ್ಥಿತಿಯೂ, ಹೆಬ್ಬೆಟ್ಟು ಒತ್ತಿ ಸುಮ್ಮನಾಗಬೇಕಾದವನ ಸ್ಥಿತಿಯೂ ಒಂದೇ ಅಲ್ಲ.

ದೊಡ್ಡವರಾದ ಮೇಲೆ ಕಲಿಯಬಹುದೇ?

ಖಂಡಿತ. ಕೆನ್ಯಾ 2003ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತಗೊಳಿಸಿದ ಬೆನ್ನಲ್ಲೇ, 2004ರಲ್ಲಿ ಕಿಮಾನಿ ಮರುಗೆ ಎಂಬ ಅಜ್ಜ 84ನೇ ವಯಸ್ಸಿನಲ್ಲಿ ಒಂದನೇ ತರಗತಿಗೆ ಸೇರಿದರು. ನಮ್ಮಲ್ಲಿ ಅರ್ಧಕ್ಕೆ ಓದು ಬಿಟ್ಟವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೇ ಮತ್ತು ಹನ್ನೆರಡನೇ ತರಗತಿಯ ಪರೀಕ್ಷೆ ಬರೆಯಬಹುದು, ಇದಕ್ಕೆ ಗರಿಷ್ಠ ವಯೋಮಿತಿ ಇಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಕಟ್ಟಡದ ಜಾಗದಲ್ಲಿ ಮಕ್ಕಳು ಹಗಲೆಲ್ಲ ಮರಳಿನಲ್ಲಿ ಆಡುತ್ತಿರುತ್ತಾರೆ. ನಾವೇನು ಮಾಡಬಹುದು?

ಮೊದಲು ತಂದೆತಾಯಿಯರೊಂದಿಗೆ ಮಾತನಾಡಿ, ಮಕ್ಕಳು ಊರಿನಲ್ಲಿ ಎಷ್ಟನೇ ತರಗತಿಯಲ್ಲಿದ್ದರು, ಇಲ್ಲಿ ಎಷ್ಟು ತಿಂಗಳು ಇರುತ್ತಾರೆ ಎಂದು ಕೇಳಿ. ಬೇರೆಯವರು ಬಂದು ವಿಚಾರಿಸಿದರೆ ಕೆಲಸ ಹೋಗಬಹುದೆಂಬ ಭಯ ಅವರಿಗಿರುತ್ತದೆ, ಆದ್ದರಿಂದ ಮೇಸ್ತ್ರಿಯನ್ನೂ ವಿಶ್ವಾಸಕ್ಕೆ ತೆಗೆದುಕೊಳ್ಳಬೇಕು. ನಂತರ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಕಾಣಿರಿ. ಅಲ್ಲಿ ಆಗದಿದ್ದರೆ ಆ ಭಾಗದ ಸಿಆರ್‌ಪಿಯವರನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಅಲ್ಲೂ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯನ್ನು ಸಂಪರ್ಕಿಸಬಹುದು. ಮಗು ದುಡಿಯುತ್ತಿದ್ದರೆ ಅಥವಾ ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಸೇರಿಸಿದ ಮೇಲಿನ ಮೊದಲ ಕೆಲವು ವಾರಗಳೇ ಕಷ್ಟದವು. ಬೆಳಿಗ್ಗೆ ಮಕ್ಕಳನ್ನು ಕರೆದೊಯ್ದು ರಸ್ತೆ ದಾಟಿಸಲು, ಸಂಜೆ ಮರಳಿ ಕರೆತರಲು ಸರದಿಯ ಮೇಲೆ ಯಾರಾದರೂ ಒಪ್ಪಿಕೊಂಡರೆ ಹೆಚ್ಚಿನ ಮಕ್ಕಳು ಉಳಿಯುತ್ತಾರೆ. ಪುಸ್ತಕ, ಸಮವಸ್ತ್ರ, ಊಟ ಶಾಲೆಯಲ್ಲೇ ಸಿಗುತ್ತವೆ, ಜೊತೆಗೆ ಹೋಗುವವರು ಮಾತ್ರ ಸಿಗುವುದಿಲ್ಲ. ತಂದೆ ಅಥವಾ ತಾಯಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾಗಿದ್ದರೆ ಮಕ್ಕಳಿಗೆ ಶೈಕ್ಷಣಿಕ ಸಹಾಯಧನಕ್ಕೂ ಅರ್ಜಿ ಹಾಕಬಹುದು.

ಆ ಕುಟುಂಬ ವರ್ಷದ ನಡುವೆ ಊರಿಗೆ ಮರಳಿದರೆ?

ಹೊರಡುವ ಮುನ್ನ ಶಾಲೆಯಿಂದ ವರ್ಗಾವಣೆ ಪತ್ರ ಪಡೆಯಬೇಕು. ಕೇಳಿದ ಕೂಡಲೇ ಅದನ್ನು ಕೊಡುವುದು ಮುಖ್ಯ ಶಿಕ್ಷಕರ ಕರ್ತವ್ಯ. ರಾಜ್ಯದ ಶಾಲೆಗಳಲ್ಲಿ ಪ್ರತಿ ಮಗುವಿಗೂ ಎಸ್‌ಎಟಿಎಸ್ ಸಂಖ್ಯೆ (ವಿದ್ಯಾರ್ಥಿಗಳ ದಾಖಲೆ ಇಡುವ ವ್ಯವಸ್ಥೆಯಲ್ಲಿನ ಗುರುತಿನ ಸಂಖ್ಯೆ) ಇರುತ್ತದೆ, ಅದನ್ನು ತಂದೆತಾಯಿಯ ಫೋನಿನಲ್ಲೂ ಒಂದು ಚೀಟಿಯಲ್ಲೂ ಬರೆದುಕೊಡಿ. ಮುಂದಿನ ಸುಗ್ಗಿಯ ನಂತರ ಅವರು ಮತ್ತೆ ಗುಳೆ ಬರುವುದು ಖಚಿತವಾಗಿದ್ದರೆ, ಅಂಥ ಮಕ್ಕಳಿಗಾಗಿ ತಮ್ಮ ತಾಲ್ಲೂಕಿನಲ್ಲಿ ಋತುಮಾನದ ವಸತಿ ನಿಲಯ ಇದೆಯೇ ಎಂದು ಊರಿನ ಶಾಲೆಯಲ್ಲಿ ವಿಚಾರಿಸಲು ಹೇಳಿರಿ. ಅಜ್ಜಿ ತಾತನ ಬಳಿ ಬಿಡುವುದೋ, ನಿಲಯದಲ್ಲಿ ಬಿಡುವುದೋ, ಜೊತೆಗೆ ಕರೆತರುವುದೋ ಎಂಬುದನ್ನು ಆ ಕುಟುಂಬವೇ ತೀರ್ಮಾನಿಸಬೇಕು. ಕರೆತಂದರೆ ಯಾವ ಶಾಲೆಗೆ ಹೋಗಬೇಕೆಂಬುದು ಅವರಿಗೆ ಮೊದಲೇ ತಿಳಿದಿರುವಂತೆ ಇಲ್ಲಿನ ಮುಖ್ಯ ಶಿಕ್ಷಕರ ದೂರವಾಣಿ ಸಂಖ್ಯೆಯನ್ನು ಕೊಟ್ಟು ಕಳಿಸಿ.